ಮರಾಠಿಯಲ್ಲಿ ಆರೋಪ, ಕನ್ನಡದಲ್ಲಿ ತಪ್ಪೊಪ್ಪಿಗೆ

ಮಹಾಜನರೇ, ಇಂದು ಬೆಳಿಗ್ಗೆ ಮರಾಠಿ ಸೀಮೆಯ ಖರಾಡಿಯಲ್ಲಿರುವ ನಮ್ಮ ಆಫೀಸಿನಲ್ಲಿ ಟೆಸ್ಟಿಂಗ್ ಸರ್ವರ್ ಏಳಲೇ ಇಲ್ಲ. ಆರೋಪಿಯ ಸ್ಥಾನದಲ್ಲಿ ನನ್ನನ್ನು ನಿಲ್ಲಿಸಲಾಯಿತು. ಕಳೆದ ವಾರ ಅದರ ಎರರ್ ಪುಟದಲ್ಲಿ ಶ್ರದ್ಧಾಂಜಲಿ ಬರೆದವನು ನಾನೇ ಎಂಬುದು ನಿಜ. ಆದರೆ ಈ ಸಲ ನಾನು ಮುಟ್ಟಿಯೂ ಇರಲಿಲ್ಲ.

ನಮ್ಮ ಟೀಮ್ ಲೀಡ್ ದೇಸಾಯಿ ಸರ್ ಧಾರವಾಡದವರು. ಇಡೀ ತಂಡದ ಎದುರು ಮರಾಠಿಯಲ್ಲಿ, "ಹಾ ಹ್ಯಾಚಾಚ್ ಉದ್ಯೋಗ ಆಹೇ," ಇದು ಇವನದೇ ಕಿತಾಪತಿ ಎಂದು ಘೋಷಿಸಿ, ಮಧ್ಯಾಹ್ನದ ಡೆಮೊದಿಂದ ನನ್ನ ಹೆಸರು ತೆಗೆದರು. ಎರಡು ತಿಂಗಳು ಕೂತು ನಾನೇ ಕಟ್ಟಿದ ಪುಟಗಳ ಡೆಮೊ ಅದು.

ನಾನು ಕದಲಲಿಲ್ಲ. "ಮೊದಲು ಲಾಗ್ ನೋಡೋಣ ಸಾರ್," ಎಂದೆ. ನಮ್ಮ ಸರ್ವರ್ ಕೂರಬೇಕಾದ ಪೋರ್ಟ್‌ನಲ್ಲಿ ಆಗಲೇ ಬೇರೊಂದು ಸರ್ವರ್ ಓಡುತ್ತಿದೆ, ಹಾಗಾಗಿ ನಮ್ಮದಕ್ಕೆ ಜಾಗವಿಲ್ಲ ಎಂದಿತ್ತು ಸರ್ವರಿನ ದಿನಚರಿಯಾದ ಆ ಲಾಗ್. ಅದನ್ನು ಶುರುಮಾಡಿದ್ದು ಸಾಕ್ಷಾತ್ ದೇಸಾಯಿ ಸರ್ ಅವರ ಲಾಗಿನ್.

ಸರ್ ನನ್ನ ಕಿವಿಯ ಬಳಿ ಬಗ್ಗಿ ಮೆಲ್ಲಗೆ, ತಂಡದಲ್ಲಿ ನಮ್ಮಿಬ್ಬರಿಗಷ್ಟೇ ಬರುವ ಕನ್ನಡಕ್ಕೆ ಇಳಿದರು. "ಮೊನ್ನೆ ಸುಮ್ನ ನೋಡ್ಲಿಕ್ಕೆ ಹಚ್ಚಿದ್ದೆ ತಮ್ಮಾ, ಬಂದ್ ಮಾಡೋದು ಮರ್ತೆ. ಆತಲ್ಲ, ಬಿಡು. ಡೆಮೊ ನೀನ ಮಾಡು."

"ಆರೋಪ ಮರಾಠಿಯಲ್ಲಿ ಬಂತು ಸಾರ್. ಬಿಡುಗಡೆನೂ ಮರಾಠಿಯಲ್ಲೇ ಬರ್ಲಿ."

"ಭಾಳ ಶಾಣ್ಯಾ ಆಗೀಯಲ್ಲ."

ನಾನು ಕೈಕಟ್ಟಿ ಕೂತೆ. ಕೊನೆಗೆ ಅವರು ಎದ್ದು ನಿಂತು ಎರಡೇ ವಾಕ್ಯದಲ್ಲಿ ಒಪ್ಪಿಕೊಂಡರು, ಮರಾಠಿಯಲ್ಲೇ.

ಡೆಮೊ ನಾನೇ ಮಾಡಿದೆ. ನನ್ನ ಶಾಣ್ಯಾತನಕ್ಕೆ ಶಿಕ್ಷೆಯಾಗಿ, ಹೊಸಬರಿಗೆಂದು ಸರ್ವರ್ ಸೆಟಪ್ ವಿಧಾನ ಬರೆದಿಡುವ ಕೆಲಸವೂ ನನಗೇ ಬಂದಿದೆ. ಮೊದಲ ಸೂಚನೆ ಬರೆದಾಯಿತು: ಶುರುಮಾಡುವ ಮುನ್ನ, ಲೀಡ್ ಸಾಹೇಬರದು ಓಡುತ್ತಿದೆಯೇ ಎಂದು ವಿನಯದಿಂದ ವಿಚಾರಿಸತಕ್ಕದ್ದು.