ಮಾಬುಸಾಬ್ ಕಾಕಾನ ಮೂಗು

ಕೊಟ್ಟ ಚಹಾವನ್ನು ಮೂಸಿ ನೋಡದೆ ಮಾಬುಸಾಬ್ ಕಾಕಾ ಕುಡಿದದ್ದನ್ನು ನಾನು ಕಂಡಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಸಿರುಗುಪ್ಪದಲ್ಲಿ ಅಕ್ಕಿಯ ದಲಾಲಿ. ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರೆ ಸಾಕು, ಅದರ ಜಾತಕ ಹೇಳಿಬಿಡುತ್ತಿದ್ದರು. "ಬಾಯಿ ಸುಳ್ಳು ಹೇಳತೈತಿ, ವಾಸನಿ ಹೇಳಂಗಿಲ್ಲ" ಎನ್ನುವುದು ಅವರ ಮಾತು. ಹಾಲು ಹಾಕುವವನಿಗಂತೂ ಅವರ ಬಾಗಿಲೆಂದರೆ ಜೀವ ಬಾಯಿಗೆ ಬರುತ್ತಿತ್ತು.

ಅವರು ಸಂಶಯಪಡದಿದ್ದದ್ದು ಒಬ್ಬರನ್ನು ಮಾತ್ರ, ಕುರುಗೋಡಿನ ಬಸಣ್ಣನವರನ್ನು. ಇಬ್ಬರದೂ ಪಾಲುದಾರಿಕೆಯ ವ್ಯಾಪಾರ. ಒಂದು ಸಲ ಬಸಣ್ಣ ತಂದ ಅಕ್ಕಿಯನ್ನು ಮೂಸಿದ ಕಾಕಾ, ಘಮವೇ ಇಲ್ಲ, ರೇಷನ್ ಅಕ್ಕಿ ಬೆರೆಸಿದ್ದೀ ಎಂದು ನಡು ಮಾರ್ಕೆಟ್ಟಿನಲ್ಲಿ ಕೂಗಾಡಿದರು. ಬಸಣ್ಣ ಹೊರಟುಹೋದರು, ಮತ್ತೆ ಬರಲಿಲ್ಲ. ಆಮೇಲೆ ಕಾಕಾನಿಗೆ ಎಲ್ಲವೂ ಕಲಬೆರಕೆಯೇ: ಅತ್ತರು, ಊದುಬತ್ತಿ, ಹೆಂಡತಿ ಮಾಡಿದ ಬಿರಿಯಾನಿ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಎಂದು ನಮ್ಮಪ್ಪ ಬೇಸರಪಡುತ್ತಿದ್ದರು. ನನಗೂ ಅವರನ್ನು ಕಂಡರೆ ಸಿಟ್ಟು ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರ ಬಲಗೈ ನಡುಗತೊಡಗಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ವಾಸನೆ ಯಾವಾಗಿನಿಂದ ತಿಳಿಯುತ್ತಿಲ್ಲ ಎಂದೂ ಕೇಳಿದರು. ಎಷ್ಟೋ ಜನರಿಗೆ ನಡುಕಕ್ಕೆ ವರ್ಷಗಳ ಮೊದಲೇ ಮೂಗು ಸೋಲುತ್ತದಂತೆ. ಡಾಕ್ಟರನ್ನು ನಂಬದ ಕಾಕಾ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನನ್ನು ಹಿಡಿದು ಕೂರಿಸಿದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಲ್ಲಿ ಕೆಟ್ಟುಹೋದವನ್ನು ಗುರುತಿಸಿ ತೆಗೆಸಿಹಾಕಲು ಪಾರ್ಕಿನ್ ಎಂಬ ಕಾವಲಿನ ಪ್ರೋಟೀನು ಇದೆ, ಅದು ಸೋತರೆ ಕೆಟ್ಟದ್ದು ಒಳಗೇ ಉಳಿದು ಮಿದುಳಿನ ಕೋಶಗಳು ಸಾಯುತ್ತವೆ ಎಂದು ವಿವರಿಸಿದೆ. ಕೆಲವರಲ್ಲಿ ಹೀಗೆ, ನಿಮ್ಮಲ್ಲೂ ಹೀಗೇ ಎನ್ನಲಾರೆ ಎಂದೂ ಸೇರಿಸಿದೆ. ಕಾಕಾ ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು.

"ಒಳಗಿನ ಕಾವಲುಗಾರ ಮಲಗಿದ್ರ, ನಾ ಹೊರಗಿದ್ದ ಬಸಣ್ಣನ್ನ ಕಳ್ಳ ಅಂದೆನೇನವ್ವಾ?"

ಕುರುಗೋಡಿಗೆ ನಾನೇ ಕರೆದೊಯ್ದೆ. ಕಾಕಾ, ಆಗಲೇ ಮೂಗು ಸತ್ತಿತ್ತು, ತಪ್ಪಾಯಿತು ಎಂದರು. ಆದರೆ ರೋಗಕ್ಕೆ ಮುಖವೆಲ್ಲ ಬಿಗಿದುಕೊಂಡು, ಅದರಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಬಸಣ್ಣ ಅವರನ್ನೇ ದಿಟ್ಟಿಸಿ, "ಬಾಯಾಗ ತಪ್ಪು ಅಂತಾನ, ಮುಖದಾಗ ಏನೂ ಇಲ್ಲ" ಎಂದರು. ಅದೂ ರೋಗದ ಲಕ್ಷಣವೇ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಅದು ಕಟ್ಟುಕತೆಯಂತೆ ಕಂಡಿತು. ಮೊದಲು ಮೂಗು, ಈಗ ಮುಖ ಎಂದು ವ್ಯಂಗ್ಯವಾಡಿ ಒಳಗೆ ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಮೆಲ್ಲಗೆ ಹೇಳಿದರು, "ಅವಂದೇನೂ ತಪ್ಪಿಲ್ಲ ಬಿಡು. ನಾನಾಗಿದ್ರೂ ನಂಬತಿದ್ದಿಲ್ಲ." ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅವತ್ತೇ ಇಳಿದುಹೋಯಿತು.

ಕಳೆದ ವರ್ಷ ಕಾಕಾ ತೀರಿಕೊಂಡರು. ಮಣ್ಣು ಕೊಟ್ಟು ಗಂಡಸರೆಲ್ಲ ಮರಳಿದ ಮೇಲೆ ಬಸಣ್ಣ ಬಂದರು. ಒಳಗೆ ಬರದೆ, ಬಾಗಿಲಲ್ಲಿದ್ದ ನನ್ನನ್ನು ಕೇಳಿದರು, "ಅವತ್ತು ಮುಖದ್ದು ಹೇಳಿದೆಲ್ಲವ್ವಾ, ಅದು ಖರೇನಾ?"

ಖರೆ ಎಂದೆ. ಅವರು ಅಲ್ಲೇ ಕಟ್ಟೆಯ ಮೇಲೆ ಕುಸಿದು, ಟವಲಿನಲ್ಲಿ ಮುಖ ಮುಚ್ಚಿಕೊಂಡರು.