ಪ್ಯಾಸ್ಕಲರ ಗದ್ದೆಯ ದಶಾಂಶ

ಮಲೇಶಿಯಾದ ಪೆಟಾಲಿಂಗ್ ಜಯಾದಲ್ಲಿರುವ ಮಗಳ ಮನೆಗೆ ಎರಡು ತಿಂಗಳಿಗೆಂದು ಹೋದ ನಾನು, ಕೊರೋನಾದ ದೆಸೆಯಿಂದ ಎರಡು ವರ್ಷ ಅಲ್ಲೇ ಉಳಿದೆ. ಆ ದಿನಗಳಲ್ಲಿ ನನಗೆ ಹತ್ತಿರವಾದವರು ಎದುರು ಮನೆಯ ಪ್ಯಾಸ್ಕಲ್. ಮಂಗಳೂರಿನ ಕಡೆಯವರು, ಮಿತಭಾಷಿ. ಹೆಂಡತಿ ಬ್ಲಾಂಚ್, ಕಾಲೇಜಿಗೆ ಸೇರಲಿದ್ದ ಮಗಳು ಏಂಜೆಲಿನ್. ಗಂಡಹೆಂಡಿರು ಮನೆಯಲ್ಲಿ ಕೊಂಕಣಿ ಆಡಿದರೂ ನನ್ನೆದುರು ಜಗಳಕ್ಕೆ ನಿಂತರೆ ಕನ್ನಡಕ್ಕೆ ಬರುತ್ತಿದ್ದರು. ಮಾಸ್ಟ್ರಿಗೆ, ಅಂದರೆ ನಿವೃತ್ತ ಶಿಕ್ಷಕನಾದ ನನಗೆ, ಅರ್ಥವಾಗದಿದ್ದರೆ ತೀರ್ಪು ಹೇಗೆ ಸಿಕ್ಕೀತು ಎಂಬುದು ಬ್ಲಾಂಚ್ ಅವರ ವಾದ.

ಜಗಳವೆಲ್ಲ ಊರಿನ ಒಂದು ಗದ್ದೆಯ ಕುರಿತದ್ದು. 2021ರಲ್ಲಿ ಪ್ಯಾಸ್ಕಲ್ ಕಚೇರಿಯ ಕೆಲಸ ಕಳೆದುಕೊಂಡರು. ಮಗಳ ಓದು ನಿಲ್ಲಬಾರದೆಂದು ತಂದೆಯಿಂದ ಬಂದ ಗದ್ದೆಯನ್ನು ಮಾರಲು ಹೊರಟರು. ಮಣ್ಣು ತುಂಬಿಸಿ ಮನೆ ಕಟ್ಟಿಸಲು ಜಯಕರ ಎಂಬವರು ಅದನ್ನು ಕೇಳಿದರು. ಆದರೆ ಹಳೆಯ ಪತ್ರದ ಒಂದು ಮಾತು ಅವರನ್ನು ಅಳುಕಿಸಿತು. ಗದ್ದೆ ಯಾರ ಕೈಯಲ್ಲಿದ್ದರೂ ಬೆಳೆಯ ಹತ್ತರಲ್ಲೊಂದು ಪಾಲು ದಶಾಂಶವಾಗಿ ಊರ ಇಗರ್ಜಿಗೆ, ಅಂದರೆ ಚರ್ಚಿಗೆ, ಸಲ್ಲಬೇಕು ಎಂದು ಪ್ಯಾಸ್ಕಲರ ಮುತ್ತಜ್ಜ ಬರೆಸಿದ್ದರು. ಅದು ಈಗಲೂ ಕೊಂಡವನನ್ನು ಕಟ್ಟುತ್ತದೆಯೇ? ವಕೀಲರು ಇಲ್ಲವೆಂದರು. ಪಾದ್ರಿಗಳು ಫೋನಿನಲ್ಲಿ ನಕ್ಕು, ಭತ್ತ ಅಳೆದುಕೊಳ್ಳುವುದು ನಿಂತು ಎಷ್ಟೋ ಕಾಲವಾಯಿತು, ಇಗರ್ಜಿ ಏನನ್ನೂ ಕೇಳುವುದಿಲ್ಲ ಎಂದರು. ಗದ್ದೆಯ ಮೇಲೆ ಯಾವ ಹೊರೆಯೂ ಇಲ್ಲವೆಂದು ಪ್ಯಾಸ್ಕಲ್ ಸಹಿ ಹಾಕಿದ್ದರೆ ಮುಗಿಯುತ್ತಿತ್ತು.

ಅದೇ ಅವರಿಂದ ಆಗಲಿಲ್ಲ. ಪಾಲು ನಿಂತರೂ ಒಂದು ವಾಡಿಕೆ ಉಳಿದಿತ್ತು. ಸೆಪ್ಟೆಂಬರಿನ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುವ ಹೊಸ ತೆನೆ ಆ ಗದ್ದೆಯಿಂದಲೇ ಹೋಗುತ್ತಿತ್ತು. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ಪರದೇಶದಲ್ಲಿರುವವರ ಪಾಲು ಲಕೋಟೆಯಲ್ಲಿ ಬರುತ್ತದೆ. ಅದರ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಎಲ್ಲರೂ ಕೂಡಿ ಕುಡಿಯುತ್ತಾರೆ. ಊರಿನಲ್ಲಿದ್ದ ಪ್ಯಾಸ್ಕಲರ ತಮ್ಮ ಕ್ರಿಸ್ಟೋಫರ್ ಪ್ರತಿವರ್ಷ ಮೂರು ತೆನೆ ಕಳಿಸುತ್ತಿದ್ದ. ಆ ತೆನೆ ಕೊಡುವುದನ್ನು ಬಿಡಬೇಡ ಎಂದು ತಂದೆ ಸಾಯುವಾಗ ಹೇಳಿದ್ದರಂತೆ.

"ಲಾಯರು ಇಲ್ಲ ಅಂತಾರೆ, ಫಾದರೂ ಇಲ್ಲ ಅಂತಾರೆ. ಇವರಿಗೆ ಮಾತ್ರ ಉಂಟು," ಎಂದರು ಬ್ಲಾಂಚ್ ಒಂದು ಸಂಜೆ. "ಮುತ್ತಜ್ಜ ಏನು, ಫ್ಲೈಟ್ ಹತ್ತಿ ವಸೂಲಿಗೆ ಬರ್ತಾರಾ? ಸೈನ್ ಮಾಡಿ ಲಾ." ಆ ‘ಲಾ’ ಅಲ್ಲಿಯವರ ಮಾತಿನ ಬಾಲ, ಆಕೆಗೂ ಅಂಟಿತ್ತು.

"ಫ್ಲೈಟೇ ಇಲ್ವಲ್ಲ ಈಗ," ಎಂದರು ಪ್ಯಾಸ್ಕಲ್.

ಮೂವರೂ ನಕ್ಕೆವು. ಸಹಿ ಆಗಲಿಲ್ಲ.

ಜುಲೈ ತಿಂಗಳಲ್ಲಿ ಬ್ಲಾಂಚ್ ಅವರಿಗೆ ಸೋಂಕು ತಗುಲಿತು. ಆಸ್ಪತ್ರೆಯೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಫೋನಿನ ಪರದೆಯಲ್ಲಿ ಏದುಸಿರು ಬಿಡುತ್ತ ಆಕೆ ಕೊನೆಯ ಸಲ ಮಾತಾಡಿದಾಗ ಸಹಿಯ ಸುದ್ದಿ ಎತ್ತಲಿಲ್ಲ. ಹಬ್ಬಕ್ಕೆ ಬಂದುಬಿಡುತ್ತೇನೆ, ನನ್ನ ತೆನೆ ಇಟ್ಟಿರಿ ಎಂದರಂತೆ. ಆಗಸ್ಟಿನಲ್ಲಿ ತೀರಿಕೊಂಡರು. ಪೆಟ್ಟಿಗೆಯನ್ನು ದೂರದಿಂದ ನೋಡಿ ಬಂದ ಪ್ಯಾಸ್ಕಲ್ ತಮ್ಮ ಹೊಸ್ತಿಲಲ್ಲಿ ಕುಳಿತರು. ಹತ್ತಿರ ಹೋಗುವಂತಿರಲಿಲ್ಲ, ನಾನು ನನ್ನ ಹೊಸ್ತಿಲಲ್ಲಿ ಕುಳಿತೆ.

ಏಂಜೆಲಿನಳ ಕಾಲೇಜು ಕಾಯುವಂತಿರಲಿಲ್ಲ. ಕೆಲವು ದಿನಗಳ ಬಳಿಕ ಪ್ಯಾಸ್ಕಲ್ ಸಹಿ ಹಾಕಿದರು.

"ಗದ್ದೆಗೆ ಹೊರೆ ಇಲ್ಲ ಅಂತ ಬರೆದೆ ಮಾಸ್ಟ್ರೇ. ಅದು ಸುಳ್ಳಲ್ಲ," ಎಂದರು. "ನನಗೆ ಇಲ್ಲ ಅಂತ ಬರೀಲಿಲ್ಲ."

ಇನ್ನು ಮುಂದೆ ನೆರೆಯವರ ಗದ್ದೆಯಿಂದ ತೆನೆ ಕೊಂಡು ಇಗರ್ಜಿಗೆ ಒಪ್ಪಿಸಬೇಕೆಂದೂ ಅದರ ಹಣವನ್ನು ತಾವಿರುವವರೆಗೂ ಕಳಿಸುವುದಾಗಿಯೂ ನನ್ನೆದುರಿನಲ್ಲೇ ಕ್ರಿಸ್ಟೋಫರನಿಗೆ ಫೋನು ಮಾಡಿ ಹೇಳಿದರು. ಅವನು ಒಪ್ಪಿ, ನಿಮಗೆ ಎಷ್ಟು ತೆನೆ ಕಳಿಸಲಿ ಎಂದ. ಕೊಂಕಣಿಯಾದರೂ ಸ್ಪೀಕರಿನಲ್ಲಿ ಕೇಳಿದ ಆ ಪ್ರಶ್ನೆ ನನಗೆ ಅರ್ಥವಾಯಿತು.

"ತೀನ್," ಎಂದರು ಪ್ಯಾಸ್ಕಲ್.

ಲಕೋಟೆ ತಲುಪುವಾಗ ಹಬ್ಬ ಕಳೆದು ತಿಂಗಳಾಗಿತ್ತು. ಏಂಜೆಲಿನ್ ಮೂರು ತೆನೆಯ ಕಾಳನ್ನೂ ಒಟ್ಟಿಗೆ ಅರೆದಳು. ಪ್ಯಾಸ್ಕಲ್ ಒಂದು ಲೋಟ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಅವಳ ಪಾಲು ಮಾಸ್ಟ್ರೇ. ಚೆಲ್ಲಬಾರದು."

ನಾನು ಮುಖದ ಮಾಸ್ಕು ಸರಿಸಿ, ನಿಂತಲ್ಲೇ ಕುಡಿದೆ. ಲೋಟ ಬರಿದಾಗುವವರೆಗೂ ಅವರು ನೋಡುತ್ತಿದ್ದರು.