ಕಿಟಕಿ ಹಾಕಿ ಕಲಿತ ಕುಣಿತ

ನಮ್ಮದು ಗೊರಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ. ಅಪ್ಪ ಯಲ್ಲಾಪುರದ ಕಡೆಯ ಸಿದ್ದಿ, ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದು ಅಲ್ಲಿನ ಕಾಡಿನಲ್ಲಿ ನೆಲೆಸಿದವರ ಪೈಕಿ. ಮದುವೆಯಾದ ಹೊಸದರಲ್ಲಿ ಅಮ್ಮನನ್ನು ಕರೆದುಕೊಂಡು ಯಶವಂತಪುರದ ಮಾರ್ಕೆಟ್ಟಿಗೆ ಹಮಾಲಿ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು ಇಲ್ಲೇ. ನನ್ನ ಕನ್ನಡ ಇಲ್ಲಿಯದು, ಬೈಗುಳವೂ ಇಲ್ಲಿಯದೇ. ಆದರೂ ಬಸ್ಸಿನಲ್ಲಿ ಕಂಡಕ್ಟರು ನನ್ನ ಗುಂಗುರು ಕೂದಲು, ಮೈಬಣ್ಣ ನೋಡಿ ಇಂಗ್ಲಿಷಿನಲ್ಲಿ ಎಲ್ಲಿಗೆ ಎಂದು ಕೇಳುತ್ತಾರೆ. ಎಷ್ಟೋ ಸಲ ನಾನೂ ಇಂಗ್ಲಿಷಿನಲ್ಲೇ ಹೇಳಿ ಟಿಕೆಟ್ ತಗೊಳ್ಳುತ್ತೇನೆ. ಕನ್ನಡದಲ್ಲಿ ಹೇಳಿದರೆ ಇಡೀ ಬಸ್ಸು ತಿರುಗಿ ನೋಡುತ್ತದೆ.

ಹಗಲು ಆಫೀಸು, ಸಂಜೆ ಯಲಹಂಕದ ಒಂದು ಸ್ಟುಡಿಯೋದಲ್ಲಿ ಕಾಂಟೆಂಪರರಿ ಡ್ಯಾನ್ಸ್. ಅಲ್ಲಿ ನೆಲದ ಮೇಲೆ ಉರುಳುತ್ತೇವೆ, ಬೀಳುತ್ತೇವೆ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರುತ್ತೇವೆ. ನೀನು ಎಲ್ಲಿಯವಳು ಎಂದು ಯಾರೂ ಕೇಳುವುದಿಲ್ಲ. ನನಗೆ ಆ ಜಾಗ ಹಿಡಿಸಿದ್ದೇ ಅದಕ್ಕೆ. ಹೋದ ವರ್ಷ ಹೊಸ ಪ್ರದರ್ಶನಕ್ಕೆ ಎಲ್ಲರೂ ತಮ್ಮ ಮನೆಯ ಕುಣಿತದಿಂದ ಏನಾದರೂ ತರಬೇಕು ಎಂದು ಟೀಚರ್ ಹೇಳಿದರು. ನನ್ನ ಕಡೆ ತಿರುಗಿ, "ನಿನಗೇನು ಕಷ್ಟ? ದಮಾಮಿ ನಿನ್ನ ರಕ್ತದಲ್ಲೇ ಇದೆಯಲ್ಲ" ಅಂದರು. ದಮಾಮಿ ನಮ್ಮವರ ಡೋಲು, ಅದರ ಬಡಿತಕ್ಕೆ ಕುಣಿಯುವ ಕುಣಿತಕ್ಕೂ ಅದೇ ಹೆಸರು. ನಾನು ಅದನ್ನು ಫೋನಿನಲ್ಲಷ್ಟೇ ನೋಡಿದ್ದೆ. "ಹೂಂ ಮ್ಯಾಮ್" ಅಂದೆ.

ಅದೇ ಹೊತ್ತಿಗೆ ಅಮ್ಮನಿಗೆ ಆಪರೇಷನ್ ಆಗಿ, ನೋಡಿಕೊಳ್ಳಲು ಸೋದರತ್ತೆ ಊರಿನಿಂದ ಬಂದಿದ್ದರು. ಕಲಿಸಿಕೊಡಿ ಎಂದು ಕೇಳಿದ್ದೇ ತಡ, ಮುಖ ಅರಳಿತು. ನೀರಿನ ಪ್ಲಾಸ್ಟಿಕ್ ಡ್ರಮ್ಮನ್ನು ಬೋರಲು ಹಾಕಿ ಬಡಿಯುತ್ತಾ, ಅರ್ಧ ಕೊಂಕಣಿ ಅರ್ಧ ಕನ್ನಡದ ಹಾಡು ಎತ್ತಿಕೊಂಡರು. ನಾನು ಸೊಂಟ ಬಗ್ಗಿಸಿ ಹೆಜ್ಜೆ ಹಾಕುತ್ತಿದ್ದೆ. ಸದ್ದು ಕೇಳಿ ಎದುರುಮನೆಯವರು ಕಿಟಕಿಗೆ ಬಂದು ನಿಂತರು. ಒಬ್ಬ ಹುಡುಗಿ ನಕ್ಕಳು.

ಶಾಲೆಯಲ್ಲಿ ಒಮ್ಮೆ ಕಾಡುಜನರ ಡ್ಯಾನ್ಸಿಗೆ ಎಲ್ಲರ ಮುಖಕ್ಕೂ ಮಸಿ ಬಳಿದಿದ್ದರು. ನನ್ನ ಸರದಿ ಬಂದಾಗ ಮಿಸ್ಸು, "ನಿನಗೆ ಬೇಡಮ್ಮ" ಅಂದಿದ್ದರು. ಆಗ ನಕ್ಕವರ ಮುಖಗಳೆಲ್ಲ ಕಿಟಕಿಯಲ್ಲಿ ಬಂದು ನಿಂತಂತಾಯಿತು. ಹೋಗಿ ಕಿಟಕಿ ಹಾಕಿದೆ.

"ಎಂತಕ್ಕೆ ಹಾಕ್ದೆ ಕೂಸೆ? ಸೆಖೆ" ಅಂದರು ಅತ್ತೆ.

"ಜನ ನೋಡ್ತಿದ್ದಾರೆ."

"ಅಲ್ಲಿ ಜನ್ರ ಮುಂದೆ ಕುಣೀಲಿಕ್ಕೇ ಅಲ್ಲವಾ ನೀ ಕಲೀತಿರೋದು?"

ನಾನು ಕಿಟಕಿ ತೆಗೆಯಲಿಲ್ಲ. ಅಂದಿನಿಂದ ಅತ್ತೆ ಡ್ರಮ್ಮನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಬಡಿಯತೊಡಗಿದರು. ಅದನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

ಪ್ರದರ್ಶನಕ್ಕೆ ಅತ್ತೆಯನ್ನು ಕರೆದುಕೊಂಡು ಹೋದೆ. ಶುರುವಿಗೆ ಮುಂಚೆ ಮೈಕಿನಲ್ಲಿ, ಇದು ತಲೆಮಾರುಗಳಿಂದ ಕಲಾವಿದೆಯ ಮೈಯಲ್ಲಿ ಹರಿದು ಬಂದ ಕುಣಿತ ಎಂದು ಹೇಳಿದರು. ಕುಣಿದೆ. ಚಪ್ಪಾಳೆ ಬಿತ್ತು. ಆಮೇಲೆ ಟೀಚರ್ ಬಂದು, "ಇವರು ಯಾರು?" ಎಂದು ಕೇಳಿದರು.

"ನಮ್ಮ ಅತ್ತೆ. ಊರಿಂದ ಬಂದಿದ್ದಾರೆ" ಅಂದೆ. ಕಲಿಸಿದ್ದು ಇವರೇ ಎಂಬ ಮಾತು ಬಾಯಿಗೆ ಬಂದರೂ ಹೊರಗೆ ಬರಲಿಲ್ಲ. ಅಂದುಬಿಟ್ಟರೆ ಮೈಕಿನಲ್ಲಿ ಹೇಳಿದ್ದು ಸುಳ್ಳಾಗುತ್ತಿತ್ತು. ಅತ್ತೆ ಪಕ್ಕದಲ್ಲೇ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದರು.

ಆಟೋದಲ್ಲಿ ಬರುವಾಗ, "ಕಾಲು ಚೆಂದ ಬಿತ್ತು. ಆದ್ರೆ ನೀ ನಗ್ಲೇ ಇಲ್ಲ. ನಾವು ನಗ್ತಾ ಕುಣಿಯೂದು" ಅಂದರು.

"ಅಲ್ಲಿ ಹಂಗೆಲ್ಲ ನಗಲ್ಲ ಅತ್ತೆ."

"ಹೌದಾ" ಎಂದು ಹೊರಗೆ ನೋಡುತ್ತಾ ಕೂತರು.

ಅವರು ಊರಿಗೆ ಹೋದ ಮೇಲೆ ಎರಡನೇ ಪ್ರದರ್ಶನವಿತ್ತು. ಹಿಂದಿನ ದಿನ ಧೈರ್ಯ ಮಾಡಿ, "ಮ್ಯಾಮ್, ಇದು ರಕ್ತದಲ್ಲಿ ಬಂದಿದ್ದಲ್ಲ. ಅತ್ತೆ ಹತ್ರ ಕಲ್ತಿದ್ದು. ಅದನ್ನೇ ಹೇಳ್ಬಹುದಾ?" ಎಂದು ಕೇಳಿದೆ. ಟೀಚರ್, "ಅಯ್ಯೋ, ಮೊದಲೇ ಹೇಳೋದಲ್ವಾ?" ಎಂದು ಅಲ್ಲೇ ನಿಂತು ಮೈಕಿನಲ್ಲಿ ಹೇಳುವ ಸಾಲು ಬದಲಾಯಿಸಿದರು. ಅಷ್ಟು ಸುಲಭವಾಗಿ ಆಗುವ ಕೆಲಸವಾಗಿತ್ತು.

ಫೋನು ಮಾಡಿ ಹೇಳಿದಾಗ ಅತ್ತೆ, "ಅದೆಲ್ಲ ಎಂತಕ್ಕೆ ಮಾರಾಯ್ತಿ" ಅಂದರು. "ಒಂದ್ಸಲ ಊರಿಗೆ ಬಾ. ಎಲ್ರೂ ಕೂಡಿ ಕುಣಿಯೂವಾಗ ನೋಡು." ಬರ್ತೀನಿ ಅಂದೆ. ಈ ವರ್ಷ ರಜೆಯೂ ಸಿಕ್ಕಿತ್ತು. ಅಲ್ಲಿ ನನ್ನ ಹೆಜ್ಜೆ ತಪ್ಪಿದರೆ ಸಣ್ಣ ಮಕ್ಕಳಿಗೂ ಗೊತ್ತಾಗುತ್ತದೆ ಎಂಬ ಅಳುಕಿನಿಂದ ಹೋಗಲಿಲ್ಲ.